ನಮ್ಮ ನರ್ಸರಿ ವೆಬ್‌ಸೈಟಿಗೆ ಫ್ರೀಲ್ಯಾನ್ಸ್ ಡಿಸೈನರ್: ಒಂದು ಮಳೆಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ

ಬದಿಯಡ್ಕದ ಹತ್ತಿರ ನಮ್ಮದೊಂದು ಸಸಿ ನರ್ಸರಿ ಇದೆ. ಅಡಿಕೆ, ತೆಂಗು, ಕಾಳುಮೆಣಸಿನ ಬಳ್ಳಿ, ಸ್ವಲ್ಪ ಕೊಕ್ಕೊ, ಜಾಯಿಕಾಯಿ. ಅಪ್ಪನ ಕಾಲದಿಂದ ನಡೆಸಿಕೊಂಡು ಬಂದದ್ದು. ಸಸಿ ಲೆಕ್ಕ ಮೊದಲು ನೋಟ್‌ಬುಕ್ಕಿನಲ್ಲಿ ಇತ್ತು, ಈಗ ಕಂಪ್ಯೂಟರಿನಲ್ಲಿ ಇದೆ. ಆ ಲೆಕ್ಕದ ಡೇಟಾಬೇಸ್ ಮಾಡಿಕೊಟ್ಟವನು ಮಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಳಿಯ, ಅಂದರೆ ಅಕ್ಕನ ಮಗ. ಯಾವ ತಳಿ, ಎಷ್ಟು ಸಸಿ, ಎಷ್ಟು ತಿಂಗಳಿನದು, ರೇಟ್ ಎಷ್ಟು, ಎಲ್ಲ ಅದರಲ್ಲಿ ಇದೆ. ಅದನ್ನು ಗಿರಾಕಿಗಳಿಗೆ ಫೋನಿನಲ್ಲಿ ಕಾಣುವ ಹಾಗೆ ಮಾಡಬೇಕು ಎಂದು ಎರಡು ಸಲ ದುಡ್ಡು ಖರ್ಚು ಮಾಡಿದ್ದೇನೆ. ಮೊದಲನೆಯದು ಹಾಳಾಯಿತು. ಎರಡನೆಯದು ಚೆನ್ನಾಗಿ ಆಯಿತು. ಈ ಬರಹ ಎರಡನೆಯದರ ಬಗ್ಗೆ, ಅಂದರೆ ಒಬ್ಬಂಟಿಯಾಗಿ ಕೆಲಸ ಮಾಡುವ ಒಬ್ಬ ಫ್ರಂಟ್ ಎಂಡ್ ಡಿಸೈನರ್ (ವೆಬ್‌ಸೈಟಿನ ಕಣ್ಣಿಗೆ ಕಾಣುವ ಭಾಗ ಮಾಡುವವರು) ಬಗ್ಗೆ. ಅವರು ನಮ್ಮ ಕಾಸರಗೋಡು ಜಿಲ್ಲೆಯವರೇ, ಕನ್ನಡ ಮೀಡಿಯಂನಲ್ಲಿ ಓದಿದವರು. ಕೈತುಂಬ ಕೆಲಸ ಇದೆ, ಸದ್ಯಕ್ಕೆ ಹೆಸರು ಹಾಕಬೇಡಿ ಅಣ್ಣಾ ಎಂದು ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಆದರೆ ಇಂಥ ಕೆಲಸ ಮಾಡಿಸುವ ಸಣ್ಣ ವ್ಯಾಪಾರದವರು ನಮ್ಮ ಕಡೆ ತುಂಬ ಜನ ಇದ್ದಾರೆ, ಅವರಿಗೆ ಏನು ನೋಡಬೇಕು ಅಂತ ಗೊತ್ತಾಗಲಿ.

ಮೊದಲಿನ ಕಥೆ ಬೇಗ ಹೇಳಿಬಿಡುತ್ತೇನೆ. ದೂರದ ಪೇಟೆಯ ಒಂದು ಕಂಪನಿಗೆ 65,000 ಕೊಟ್ಟಿದ್ದೆ. ಪುಟ ತೆರೆದರೆ ದೊಡ್ಡ ದೊಡ್ಡ ಫೋಟೋಗಳು ಒಂದರ ಹಿಂದೆ ಒಂದು ಓಡುತ್ತಿದ್ದವು, ಅದರಲ್ಲಿ ಒಂದೂ ನಮ್ಮ ತೋಟದ್ದಲ್ಲ. ಕನ್ನಡ ಬೇಕು ಎಂದದ್ದಕ್ಕೆ ಮೆಶಿನ್ನಿನಲ್ಲಿ ಅನುವಾದ ಮಾಡಿ ಹಾಕಿದ್ದರು, 'ನರ್ಸರಿ' ಹೋಗಿ 'ಶಿಶುವಿಹಾರ' ಆಗಿತ್ತು. ಅದನ್ನು ತಿದ್ದಿಸಲು ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಸಸಿಯ ಸಂಖ್ಯೆಯನ್ನು ಅವರು ನಮ್ಮ ಡೇಟಾಬೇಸಿನಿಂದ ತೆಗೆದುಕೊಳ್ಳದೆ ಪುಟದಲ್ಲೇ ಬರೆದು ಬಿಟ್ಟಿದ್ದರು. ಮಂಗಳ ಎಂಬ ಅಡಿಕೆ ತಳಿಯ ಸಸಿ 500 ಇದೆ ಎಂದು ನೋಡಿ ಒಬ್ಬರು ಸುಳ್ಯ ಕಡೆಯಿಂದ ಪಿಕಪ್ ಬಾಡಿಗೆಗೆ ಹಿಡಿದುಕೊಂಡು ಜಾಲ್ಸೂರು, ಮುಳ್ಳೇರಿಯ ದಾಟಿ ಬಂದರು. ಅವರಿಗೆ ಬೇಕಾದದ್ದು 300. ನಮ್ಮಲ್ಲಿ ಆ ದಿನ ಇದ್ದದ್ದು 90. ಜೊತೆಗೆ ಇಬ್ಬರು ಕೆಲಸದವರನ್ನೂ ಕರೆದುಕೊಂಡು ಬಂದಿದ್ದರು. ಅವರು ನನಗೆ ಒಂದು ಮಾತೂ ಬೈಯಲಿಲ್ಲ, 90 ಸಸಿ ಏರಿಸಿಕೊಂಡು ಹೋದರು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಿಕಪ್ಪಿನ ಬಾಡಿಗೆ ಕೊಡುತ್ತೇನೆ ಎಂದರೂ ತೆಗೆದುಕೊಂಡಿರಲಿಲ್ಲ.

ಅಳಿಯನಿಗೆ ಹೇಳಿದಾಗ ಅವನು, "ಮಾವ, ಡೇಟಾ ನಾನು ಕೊಡ್ತೇನೆ, ಆದರೆ ಅದನ್ನು ಜನರಿಗೆ ಕಾಣುವ ಹಾಗೆ ಜೋಡಿಸುವುದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ, ಅದಕ್ಕೇ ಬೇರೆ ಜನ ಇದ್ದಾರೆ" ಎಂದ. ನನಗೆ ಆಗ ಈ ವ್ಯತ್ಯಾಸ ಗೊತ್ತಿರಲಿಲ್ಲ. ಸರಳವಾಗಿ ಹೇಳುವುದಾದರೆ, ಹಿಂದೆ ಕೂತು ಲೆಕ್ಕ ಇಡುವ ಭಾಗ ಒಂದು, ಗಿರಾಕಿಯ ಕಣ್ಣಿಗೆ ಮತ್ತು ಬೆರಳಿಗೆ ಸಿಗುವ ಭಾಗ ಇನ್ನೊಂದು. ಎರಡನೆಯದು ಫ್ರಂಟ್ ಎಂಡ್. ಇಬ್ಬರ ನಡುವೆ ಯಾವ ಮಾಹಿತಿ ಯಾವ ಹೆಸರಿನಲ್ಲಿ ಹೋಗುತ್ತದೆ ಎಂದು ಮೊದಲೇ ಬರೆದುಕೊಂಡರೆ, ಒಬ್ಬರು ಮಂಗಳೂರಿನಲ್ಲಿ, ಇನ್ನೊಬ್ಬರು ಇಲ್ಲಿ ಕೂತು ಕೆಲಸ ಮಾಡಬಹುದು.

ಡಿಸೈನರ್ ಮೊದಲ ದಿನ ಬಂದಾಗ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಬೆಳಗ್ಗೆ 9ಕ್ಕೆ ಬಂದು ನಮ್ಮ ಶೆಡ್ಡಿನ ಬೆಂಚಿನ ಮೇಲೆ ಕೂತರು. ಬಂದ ಗಿರಾಕಿಗಳು ಏನು ಕೇಳುತ್ತಾರೆ, ಯಾವುದನ್ನು ಮೊದಲು ಕೇಳುತ್ತಾರೆ ಎಂದು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. "ಮಂಗಳ ಉಂಟಾ? ಎಷ್ಟು ಸಮಯದ್ದು? ಎಷ್ಟು ಎಲೆ ಬಂದಿದೆ? ರೇಟ್ ಹೇಗೆ? ಐವತ್ತು ಸೆಂಟ್ಸಿಗೆ ಎಷ್ಟು ಬೇಕಾದೀತು?" ಹೆಚ್ಚುಕಡಿಮೆ ಎಲ್ಲರೂ ಇದೇ ಕ್ರಮದಲ್ಲಿ ಕೇಳುತ್ತಾರೆ. ನಾನು ಇಪ್ಪತ್ತು ವರ್ಷದಿಂದ ಇದಕ್ಕೆ ಉತ್ತರ ಹೇಳುತ್ತಾ ಇದ್ದೇನೆ, ಆದರೆ ಕ್ರಮ ಗಮನಿಸಿರಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಅವರು ಕೇಳಿದ್ದು ಒಂದೇ. "ಅಣ್ಣಾ, ಡೇಟಾಬೇಸಿನಲ್ಲಿ ಇರುವ ಪಟ್ಟಿಯನ್ನು ಹಾಗೇ ಕೊಡಿ, ತಿದ್ದಬೇಡಿ. ತಪ್ಪು ಇದ್ದರೆ ತಪ್ಪಿನ ಜೊತೆಗೇ ಬೇಕು."

ಆ ಪಟ್ಟಿ ನೋಡಿ ನನಗೇ ನಾಚಿಕೆ ಆಯಿತು. ಹಳೆಯ ಕೆಲವು ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಇದ್ದವು. ಶುರುವಿನಲ್ಲಿ ಆ ಟೇಬಲ್ಲನ್ನು ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಇರುವ ಒಂದೇ ಸಂಕೇತ ಪದ್ಧತಿ) ಹಿಡಿಯುವ ಹಾಗೆ ಮಾಡಿರಲಿಲ್ಲವಂತೆ, ಹಾಗಾಗಿ ಕನ್ನಡ ಅಕ್ಷರ ಒಳಗೆ ಹೋಗುವಾಗಲೇ ಕಳೆದುಹೋಗಿದೆ, ಅದನ್ನು ವಾಪಸ್ ತರುವ ದಾರಿ ಇಲ್ಲ, ಕೂತು ಮತ್ತೆ ಟೈಪ್ ಮಾಡಬೇಕು. ಇನ್ನು ಕೆಲವು ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದ ಫೈಲಿನಿಂದ ಬಂದವು, ಅವು ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದವು. ಅದಕ್ಕೆ ಪರಿವರ್ತಕ ಇದೆ, ಅರ್ಧ ಗಂಟೆಯಲ್ಲಿ ಸರಿಯಾಯಿತು.

ಆದರೆ ನಾನು ಇವತ್ತಿಗೂ ಮರೆಯದೆ ಇರುವುದು 'ಮೋಹಿತ್‌ನಗರ'ದ ಕಥೆ. ಇದು ಬಂಗಾಳದ ಕಡೆಯ ಅಡಿಕೆ ತಳಿ, ನಮ್ಮಲ್ಲಿ ಒಳ್ಳೆಯ ಬೇಡಿಕೆ ಇದೆ. ಪುಟದಲ್ಲಿ ಹುಡುಕಿದರೆ ಕೆಲವು ಫೋನಿನಲ್ಲಿ ಸಿಗುತ್ತದೆ, ಕೆಲವು ಫೋನಿನಲ್ಲಿ ಇಲ್ಲವೇ ಇಲ್ಲ ಎನ್ನುತ್ತದೆ. ನನಗೂ ಅಳಿಯನಿಗೂ ತಲೆಬುಡ ಅರ್ಥ ಆಗಲಿಲ್ಲ. ಡಿಸೈನರ್ ಎರಡು ಹೆಸರನ್ನು ಒಂದರ ಕೆಳಗೆ ಒಂದು ಇಟ್ಟು ತೋರಿಸಿದರು. ಕಣ್ಣಿಗೆ ಒಂದೇ. ಆದರೆ ಒಂದರಲ್ಲಿ 'ತ್' ಮತ್ತು 'ನ'ದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಒತ್ತಕ್ಷರ ಆಗದ ಹಾಗೆ ತಡೆಯುವುದಕ್ಕೆ ಅದನ್ನು ಹಾಕುವುದು. ಅದಿಲ್ಲದಿದ್ದರೆ 'ಮೋಹಿತ್ನಗರ' ಎಂದು ನ ಕೆಳಗೆ ಇಳಿಯುತ್ತದೆ. ಇನ್ನೊಂದರಲ್ಲಿ ಅದರ ಬದಲು ನಡುವೆ ಸ್ಪೇಸ್ ಇತ್ತು, ಕೆಲವರು ಹಾಗೆ ಬರೆಯುತ್ತಾರೆ, ಆಗ ಕಣ್ಣಿಗೆ ಹೆಚ್ಚುಕಡಿಮೆ ಸರಿಯಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಹೀಗೆ ನಮ್ಮ ಪಟ್ಟಿಯಲ್ಲಿ ಒಂದೇ ತಳಿ ಮೂರು ಬೇರೆ ಬೇರೆ ತಳಿಯಾಗಿ ಕೂತಿತ್ತು, ಲೆಕ್ಕವೂ ಮೂರು ಕಡೆ ಹಂಚಿಹೋಗಿತ್ತು. ಹುಡುಕುವಾಗ ಆ ಕಾಣದ ಅಕ್ಷರವನ್ನೂ ಸ್ಪೇಸನ್ನೂ ಎರಡೂ ಕಡೆಯಿಂದ ತೆಗೆದು ಹೋಲಿಸುವ ಹಾಗೆ ಮಾಡಲು ಅಳಿಯನಿಗೆ ಹೇಳಿದರು. ಕನ್ನಡ ಓದಲು ಬಾರದ ಡಿಸೈನರ್ ಆಗಿದ್ದರೆ ಇದು ಖಂಡಿತ ಸಿಕ್ಕುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಇನ್ನೊಂದು ಇದೇ ಥರದ್ದು. ಸಿಪಿಸಿಆರ್‌ಐ ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ನಮ್ಮ ಕಾಸರಗೋಡಿನಲ್ಲೇ ಇದೆ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ. ಹಾಗಾಗಿ ಇಲ್ಲಿಯ ಕೃಷಿಕರಿಗೆ ತಳಿಯ ಹೆಸರು ಚೆನ್ನಾಗಿ ಗೊತ್ತು. ಮಂಗಳ, ಸುಮಂಗಳ, ಶ್ರೀಮಂಗಳ ಎಂದು ಬಾಯಿಪಾಠ ಹೇಳುತ್ತಾರೆ. ಆದರೆ ಅದೇ ಸಂಸ್ಥೆಯ ವಿಟ್ಲದ ಕೇಂದ್ರದಿಂದ ಬಂದ ಗಿಡ್ಡ ಹೈಬ್ರಿಡ್‌ಗೆ ವಿಟಿಎಲ್‌ಎಎಚ್-1 ಎಂದು ಹೆಸರು. ಅದನ್ನು ಯಾರು ಟೈಪ್ ಮಾಡುತ್ತಾರೆ? ಎಲ್ಲರೂ ಕೇಳುವುದು "ಗಿಡ್ಡ ಅಡಿಕೆ ಉಂಟಾ" ಅಂತ. ಬೆಂಚಿನ ಮೇಲೆ ಕೂತಿದ್ದ ದಿನ ಅವರು ಇದನ್ನೂ ಬರೆದುಕೊಂಡಿದ್ದರು. ಡೇಟಾಬೇಸಿನಲ್ಲಿ 'ಜನ ಕರೆಯುವ ಹೆಸರು' ಎಂದು ಒಂದು ಹೊಸ ಕಾಲಂ ಸೇರಿಸಲು ಹೇಳಿದರು. ಈಗ ಗಿಡ್ಡ ಎಂದರೂ ಸಿಗುತ್ತದೆ, ಕುಳ್ಳ ಎಂದರೂ ಸಿಗುತ್ತದೆ. ಮಲಯಾಳಂ ಪುಟದಲ್ಲಿ ಮಲಯಾಳಿಗಳ ಮಾತಿನ ಹೆಸರುಗಳೂ ಇವೆ, ಅವನ್ನು ಚೆರ್ಕಳದ ನನ್ನ ಒಬ್ಬ ಗೆಳೆಯನಿಂದ ಬರೆಸಿದ್ದು.

ಡಿಸೈನ್ ತೋರಿಸುವಾಗಲೂ ಅವರ ಕ್ರಮ ನನಗೆ ಇಷ್ಟ ಆಯಿತು. ಮೊದಲಿನ ಕಂಪನಿ ತೋರಿಸಿದ ಚಿತ್ರದಲ್ಲಿ ಎಲ್ಲ ತಳಿಗೂ ಚಂದದ ಫೋಟೋ, ಎಲ್ಲ ಹೆಸರೂ ಎರಡು ಅಕ್ಷರ, ಎಲ್ಲದರ ಸ್ಟಾಕ್ ಭರ್ತಿ. ನಿಜವಾದ ಡೇಟಾ ಬಂದು ಕೂತಾಗ ಎಲ್ಲ ಚೆಲ್ಲಾಪಿಲ್ಲಿ ಆಗಿತ್ತು. ಇವರು ತೋರಿಸಿದ ಮೊದಲ ಚಿತ್ರವೇ ನಮ್ಮ ಅತಿ ಉದ್ದದ ಹೆಸರು, ಫೋಟೋ ಇಲ್ಲ, ಸಸಿ ಸೊನ್ನೆ. ಇದು ಚೆನ್ನಾಗಿ ಕಂಡರೆ ಮಿಕ್ಕಿದ್ದೆಲ್ಲ ಕಾಣುತ್ತದೆ ಅಣ್ಣಾ ಎಂದರು. ಡೇಟಾಬೇಸಿನಿಂದ ನಡೆಯುವ ವೆಬ್‌ಸೈಟಿಗೆ ಡಿಸೈನ್ ಮಾಡುವುದು ಅಂದರೆ ಇದೇ ಅಲ್ವಾ? ನಾಳೆ ಯಾವ ಹೆಸರು, ಯಾವ ಸಂಖ್ಯೆ ಬಂದು ಕೂರುತ್ತದೆ ಎಂದು ಇವತ್ತು ಗೊತ್ತಿರುವುದಿಲ್ಲ. ಏನು ಬಂದರೂ ಹಿಡಿಯಬೇಕು.

ಸ್ಟಾಕ್ ತೋರಿಸುವ ವಿಷಯದಲ್ಲಿ ನಮ್ಮಿಬ್ಬರಿಗೆ ಸ್ವಲ್ಪ ವಾದವೇ ಆಯಿತು. ನನಗೆ ನಿಖರ ಸಂಖ್ಯೆ ಬೇಕಿತ್ತು. ಅವರು ಬೇಡ ಎಂದರು. ನೀವು ಎಣಿಸುವುದು ಸಂಜೆ, ಮಧ್ಯಾಹ್ನ 200 ಹೋದರೆ ಪುಟಕ್ಕೆ ಹೇಗೆ ಗೊತ್ತಾಗಬೇಕು ಎಂದು ಕೇಳಿದರು. ಕೊನೆಗೆ ಈಗ ಇರುವುದು ಹೀಗೆ: ಪ್ರತಿ ತಳಿಯ ಕೆಳಗೆ 'ಇದೆ', 'ಸ್ವಲ್ಪವೇ ಇದೆ', 'ಮುಗಿದಿದೆ' ಎಂದು ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ 'ನಿನ್ನೆ ಸಂಜೆ 6ಕ್ಕೆ ಎಣಿಸಿದ್ದು' ಎಂದು ಸಮಯ. 100ಕ್ಕಿಂತ ಜಾಸ್ತಿ ಬೇಕಿದ್ದರೆ 'ಹೊರಡುವ ಮೊದಲು ಫೋನ್ ಮಾಡಿ' ಎಂದು ಬಟನ್, ಒತ್ತಿದರೆ ನೇರ ನಮ್ಮ ಶೆಡ್ಡಿಗೆ ಕರೆ. ಈ ಮಳೆಗಾಲದಲ್ಲಿ ಒಬ್ಬರೂ ಖಾಲಿ ಗಾಡಿಯಲ್ಲಿ ವಾಪಸ್ ಹೋಗಿಲ್ಲ. ಇದೊಂದಕ್ಕೇ ನಾನು ಅವರಿಗೆ ಪೂರ್ತಿ ಮಾರ್ಕು ಕೊಡುತ್ತೇನೆ.

ಸೆಂಟ್ಸ್ ಲೆಕ್ಕವೂ ಹಾಗೆ. ಹಳೆಯ ಪುಟದಲ್ಲಿ ಹೆಕ್ಟೇರ್ ಕೇಳುತ್ತಿತ್ತು. ನಮ್ಮಲ್ಲಿ ಯಾರು ಹೆಕ್ಟೇರ್ ಹೇಳುತ್ತಾರೆ? 100 ಸೆಂಟ್ಸಿಗೆ ಒಂದು ಎಕ್ರೆ, ಮಾತೆಲ್ಲ ಅದರಲ್ಲೇ. ಈಗ ಜಾಗದ ಸೆಂಟ್ಸ್ ಹಾಕಿದರೆ ಎಷ್ಟು ಸಸಿ ಬೇಕು ಎಂದು ಬರುತ್ತದೆ. ಅಡಿಕೆಗೆ 9 ಅಡಿ ಅಂತರ ಹಿಡಿದರೆ 50 ಸೆಂಟ್ಸಿಗೆ ಸುಮಾರು 270, ತೆಂಗಿಗೆ 25 ಅಡಿ ಹಿಡಿದರೆ ಸುಮಾರು 35. ಅಂತರವನ್ನು ಬೇಕಾದ ಹಾಗೆ ಬದಲಾಯಿಸಬಹುದು. ಸಂಖ್ಯೆ ಹಾಕುವ ಜಾಗ ಮುಟ್ಟಿದರೆ ಫೋನಿನಲ್ಲಿ ಅಂಕಿಯ ಕೀಲಿಮಣೆಯೇ ಬರುತ್ತದೆ. ಸಣ್ಣ ವಿಷಯ, ಆದರೆ ಮಣ್ಣಾದ ಕೈಯಲ್ಲಿ ಫೋನ್ ಹಿಡಿದವರಿಗೆ ಇದು ದೊಡ್ಡ ಉಪಕಾರ.

ಕನ್ನಡ ಅಕ್ಷರದ ವಿಷಯ ಹೇಳಲೇಬೇಕು. ಹಳೆಯ ಪುಟದಲ್ಲಿ 'ಚಂದ್ರಸಂಕರ' ತೆಂಗು 'ಚಂದಸಂಕರ' ಆಗಿತ್ತು, 'ವಿಟ್ಲ' ಹೋಗಿ 'ವಿಟ' ಆಗಿತ್ತು. ಬರೆದದ್ದು ಸರಿಯೇ ಇತ್ತು, ಸಾಲಿನ ಎತ್ತರ ಇಂಗ್ಲಿಷಿನ ಅಳತೆಗೆ ಇಟ್ಟದ್ದರಿಂದ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತಿತ್ತು. ಇವರು ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟು ಇಟ್ಟಿದ್ದಾರೆ. ಫಾಂಟ್ ನೋಟೋ ಸಾನ್ಸ್ ಕನ್ನಡ, ಉಚಿತವಾಗಿ ಸಿಗುವಂಥದ್ದು, ದಪ್ಪ ಮತ್ತು ಸಾಧಾರಣ ಎರಡೇ ಬಗೆ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ. ಫಾಂಟ್ ಇಳಿಯುವ ತನಕ ಪುಟ ಖಾಲಿ ಇರುವುದಿಲ್ಲ, ಫೋನಿನಲ್ಲಿ ಇರುವ ಅಕ್ಷರದಲ್ಲೇ ಮೊದಲು ತೋರಿಸಿ ಆಮೇಲೆ ಬದಲಾಗುತ್ತದೆ.

ಬಣ್ಣ ನೋಡುವುದಕ್ಕೆ ಅವರು ನನ್ನ ಫೋನನ್ನು ತೆಗೆದುಕೊಂಡು ಮಧ್ಯಾಹ್ನ 12 ಗಂಟೆಗೆ ಅಂಗಳಕ್ಕೆ ಹೋದರು. ನಾನು ಆರಿಸಿದ್ದು ತಿಳಿ ಹಸಿರಿನ ಮೇಲೆ ಬೂದು ಅಕ್ಷರ, ನೋಡಲು ತಂಪಾಗಿತ್ತು. ಬಿಸಿಲಿನಲ್ಲಿ ಏನೂ ಕಾಣಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಬೇಕು ಎಂದು ವೆಬ್ ಪುಟಗಳಿಗೆ ಒಂದು ಅಂತರರಾಷ್ಟ್ರೀಯ ಅಳತೆ ಇದೆಯಂತೆ, ನನ್ನ ಬಣ್ಣ ಅದರ ಹತ್ತಿರವೂ ಇರಲಿಲ್ಲ. ಈಗ ಬಿಳಿಯ ಮೇಲೆ ಕಡು ಹಸಿರು. ಆ ಹೊತ್ತಿಗೆ ಅಂಗಳಕ್ಕೆ ಬಂದ ಪಕ್ಕದ ಮನೆಯ ಅಜ್ಜ ಕನ್ನಡಕ ಇಲ್ಲದೆ ರೇಟ್ ಓದಿದರು, "ಇದು ಕಾಣ್ತದೆ ಮಾರಾಯ" ಎಂದರು. ಅಷ್ಟು ಸಾಕಾಯಿತು.

ನೆಟ್‌ವರ್ಕ್ ಬಗ್ಗೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ಆಚೆ ತೋಟಕ್ಕೆ ಇಳಿದರೆ ಒಂದು ಕಡ್ಡಿ ಸಿಗ್ನಲ್. ಓಡುವ ಫೋಟೋ, ಮೇಲೆ ಹಾರಿ ಬರುವ ಪೆಟ್ಟಿಗೆ, ಮೂಲೆಯಲ್ಲಿ ಚಾಟ್ ಇದೆಲ್ಲ ನನಗೆ ಬೇಕು ಎಂದಿದ್ದೆ. ಒಂದೊಂದಕ್ಕೂ ಕಾರಣ ಹೇಳಿ ಬೇಡ ಎಂದರು. ಪುಟದ ಮುಖ್ಯ ಭಾಗ 2.5 ಸೆಕೆಂಡಿನ ಒಳಗೆ ಕಾಣಬೇಕು ಎಂದು ಗೂಗಲ್ ಹೇಳುತ್ತದೆ. ಅವರು ಪರೀಕ್ಷೆ ಮಾಡಿದ್ದು ತಮ್ಮ ಒಳ್ಳೆಯ ಫೋನಿನಲ್ಲಿ ಅಲ್ಲ, ನಮ್ಮ ಕೆಲಸದವನ ಹಳೆಯ ಫೋನಿನಲ್ಲಿ, ತೋಟದ ಪಂಪ್‌ಶೆಡ್ಡಿನ ಹತ್ತಿರ ನಿಂತು.

ಕೊರತೆಗಳೂ ಇವೆ. ಆರು ವಾರ ಎಂದದ್ದು ಹತ್ತು ವಾರ ಆಯಿತು. ಒಬ್ಬರೇ ಕೆಲಸ ಮಾಡುವಾಗ ಹೀಗಾಗುತ್ತದೆ ಎಂದು ಗೊತ್ತು, ಆದರೆ ನಮ್ಮದು ಮಳೆ ಶುರುವಾಗುವ ಮೊದಲು ಆಗಬೇಕಾದ ಕೆಲಸ, ಜೂನ್ ಅರ್ಧ ಕಳೆದ ಮೇಲೆ ಕೈಗೆ ಬಂತು. ತಡ ಆಗುತ್ತದೆ ಎಂದು ಮೊದಲೇ ಹೇಳಿದ್ದರೆ ಬೇಸರ ಇರುತ್ತಿರಲಿಲ್ಲ, ಹೇಳಿದ್ದು ಐದನೇ ವಾರದಲ್ಲಿ. ಇನ್ನೊಂದು, ರೇಟ್ ಬದಲಾಯಿಸುವ ನಮ್ಮ ಒಳಗಿನ ಪುಟವೂ ಇದರಲ್ಲೇ ಸೇರಿದೆ ಎಂದು ನಾನು ತಿಳಿದುಕೊಂಡಿದ್ದೆ, ಸೇರಿರಲಿಲ್ಲ. ತಪ್ಪು ನನ್ನದೂ ಇದೆ, ಬರೆದುಕೊಟ್ಟದ್ದನ್ನು ಸರಿಯಾಗಿ ಓದಿರಲಿಲ್ಲ. ಆದರೂ ಅಂಗಡಿಯವರಿಗೆ ಒಳಗಿನ ಪುಟ ಹೊರಗಿನದಷ್ಟೇ ಮುಖ್ಯ, ಅವರೇ ಕೇಳಬೇಕಿತ್ತು. ಈಗಲೂ ನಾನು ಆ ಹಳೆಯ ಸಣ್ಣ ಅಕ್ಷರದ ಪುಟದಲ್ಲೇ ರೇಟ್ ಹಾಕುತ್ತಿದ್ದೇನೆ. ಪುಟವನ್ನು ಪ್ರಿಂಟ್ ತೆಗೆದರೆ ಬಲಗಡೆಯ ರೇಟಿನ ಕಾಲಂ ಕತ್ತರಿಸಿ ಹೋಗುತ್ತಿತ್ತು, ಅದನ್ನು ಮಾತ್ರ ಹೇಳಿದ ಎರಡೇ ದಿನದಲ್ಲಿ ದುಡ್ಡು ತೆಗೆದುಕೊಳ್ಳದೆ ಸರಿಮಾಡಿದರು. ಸಂಜೆ 6ರ ನಂತರ ಫೋನ್ ತೆಗೆಯುವುದಿಲ್ಲ, ವಾಟ್ಸಾಪ್‌ನಲ್ಲಿ ಹಾಕಿದರೆ ಬೆಳಗ್ಗೆ ಉತ್ತರ ಖಂಡಿತ.

ದುಡ್ಡಿನ ಲೆಕ್ಕ: ಒಟ್ಟು 42,000. ಮುಂಗಡ 10,000, ಡಿಸೈನ್ ಒಪ್ಪಿದಾಗ 16,000, ಪುಟ ತೆರೆದು ಎರಡು ವಾರ ಆದ ಮೇಲೆ 16,000. ಕೊನೆಯ ಕಂತನ್ನು ಹಾಗೆ ಇಟ್ಟದ್ದು ಅವರೇ, ನಾನು ಕೇಳಿದ್ದಲ್ಲ. ಹೋಸ್ಟಿಂಗ್ (ಪುಟವನ್ನು ನೆಟ್ಟಿನಲ್ಲಿ ಇಡುವ ಬಾಡಿಗೆ) ಬೇರೆ, ಅಳಿಯನ ಕೆಲಸ ಬೇರೆ. ಕಡಿಮೆಗೆ ಮಾಡುವವರು ಸಿಗುತ್ತಾರೆ, ಗೊತ್ತಿದೆ.

ಹೊಸದಾಗಿ ಮಾಡಿಸುವವರು ಒಂದನ್ನು ದಯವಿಟ್ಟು ಗಮನಿಸಿ. ಮೊದಲಿನ ಕಂಪನಿ ನಮ್ಮ ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ತಮ್ಮ ಹೆಸರಿನಲ್ಲಿ ತೆಗೆದುಕೊಂಡಿತ್ತು. ಬಿಟ್ಟುಕೊಡಿ ಎಂದು ನಾಲ್ಕು ತಿಂಗಳು ಕೇಳಿ ಸುಸ್ತಾಗಿ ಕೊನೆಗೆ ಹೊಸ ಹೆಸರು ತೆಗೆದುಕೊಂಡೆ. ಅಪ್ಪನ ಹೆಸರು ಇದ್ದ ಹಳೆಯ ವಿಳಾಸ ಹೋದದ್ದು ನನಗೆ ಇವತ್ತಿಗೂ ನೋವು. ಈ ಡಿಸೈನರ್ ಮೊದಲ ವಾರವೇ ಡೊಮೇನನ್ನು ನನ್ನ ಇಮೇಲಿನಲ್ಲಿ, ನನ್ನ ಕಾರ್ಡಿನಿಂದಲೇ ಮಾಡಿಸಿದರು. ಕೆಲಸದ ಫೈಲುಗಳೆಲ್ಲ ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಅಳಿಯನ ಖಾತೆಯಲ್ಲಿವೆ. ನಾಳೆ ತಾವು ಸಿಗದಿದ್ದರೂ ಬೇರೆಯವರು ಮುಂದುವರಿಸಬೇಕು ಎಂದು ಯಾವ ಭಾಗ ಎಲ್ಲಿದೆ ಎಂದು ಎರಡು ಪುಟ ಬರೆದುಕೊಟ್ಟಿದ್ದಾರೆ, ಕನ್ನಡದಲ್ಲಿ. ಅಳಿಯನಿಗೂ ಒಂದು ಮಾತು ಖಡಾಖಂಡಿತ ಹೇಳಿದರು: ಫೋನ್ ನಂಬರ್ 10 ಅಂಕಿ ಇದೆಯಾ ಎಂದು ನನ್ನ ಪುಟ ನೋಡುತ್ತದೆ, ಆದರೆ ಪುಟವನ್ನು ದಾಟಿ ನೇರ ಸರ್ವರಿಗೆ ಯಾರು ಬೇಕಾದರೂ ಏನು ಬೇಕಾದರೂ ಕಳಿಸಬಹುದು, ಹಾಗಾಗಿ ನಿಮ್ಮ ಕಡೆಯೂ ನೋಡಲೇಬೇಕು. ತನ್ನ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ಹೇಳುವವರು ನನಗೆ ಬೇರೆ ಸಿಕ್ಕಿಲ್ಲ.

ಹೋದ ತಿಂಗಳು ಸುಳ್ಯದ ಅದೇ ಗಿರಾಕಿಗೆ ನಾನೇ ಫೋನ್ ಮಾಡಿ ಹೊಸ ಪುಟದ ವಿಳಾಸ ಕಳಿಸಿದೆ. ಅವರು ನೋಡಿ, 'ಇದೆ' ಎಂದು ಕಂಡ ಮೇಲೂ ಬಟನ್ ಒತ್ತಿ ಫೋನ್ ಮಾಡಿ ಕೇಳಿಕೊಂಡು, ಆಮೇಲೆ ಬಂದು 210 ಮಂಗಳ ತೆಗೆದುಕೊಂಡು ಹೋದರು. ಒಳಗಿನ ರೇಟ್ ಹಾಕುವ ಪುಟವನ್ನು ಇವರಿಂದಲೇ ಮಾಡಿಸುತ್ತಿದ್ದೇನೆ. ಮುಂಗಡ ಕೊಟ್ಟಾಗಿದೆ, ಈ ಸಲ ತಾರೀಕನ್ನು ಕಾಗದದಲ್ಲಿ ಬರೆದುಕೊಂಡಿದ್ದೇವೆ.